217ನೇ ನಂಬರಿನ ಕೋಣೆ

ದೆವ್ವ ಇದೆಯೋ ಇಲ್ಲವೋ ಎಂಬ ಪ್ರಶ್ನೆ ಪ್ರತಿವರ್ಷ ಒಂಬತ್ತನೇ ತರಗತಿಯಲ್ಲಿ, ಅದೂ ಸಾಮಾನ್ಯವಾಗಿ ಮಳೆಗಾಲದ ಕೊನೆಯ ಪೀರಿಯಡ್ಡಿನಲ್ಲಿ, ಬಂದೇ ಬರುತ್ತದೆ. ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿ ಪಾಠ ಮುಂದುವರಿಸುವುದು ಸುಲಭ. ಆದರೆ ಹಾಗೆ ಹೇಳಿದ ಮೇಷ್ಟರನ್ನು ಮಕ್ಕಳು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಅಜ್ಜಿ ಹೇಳಿದಳೆಂದು ದೆವ್ವ ಇದೆ ಅನ್ನುವುದಕ್ಕೂ ಮೇಷ್ಟರು ಹೇಳಿದರೆಂದು ಇಲ್ಲ ಅನ್ನುವುದಕ್ಕೂ ವಿಜ್ಞಾನದ ದೃಷ್ಟಿಯಿಂದ ಹೆಚ್ಚು ವ್ಯತ್ಯಾಸವೇನೂ ಇಲ್ಲ. ಆದ್ದರಿಂದ ನಾನು ಅವರಿಗೆ ಒಂದು ಹೋಟೆಲಿನ ಕಥೆ ಹೇಳುತ್ತೇನೆ.

ಅಮೆರಿಕದ ಕೊಲರಾಡೊ ರಾಜ್ಯದಲ್ಲಿ, ರಾಕಿ ಪರ್ವತಗಳ ನಡುವೆ, ಸುಮಾರು 7,500 ಅಡಿ ಎತ್ತರದಲ್ಲಿ ಎಸ್ಟೆಸ್ ಪಾರ್ಕ್ ಎಂಬ ಊರಿದೆ. ಉಗಿಯಿಂದ ಓಡುವ ಮೋಟಾರು ಕಾರು ತಯಾರಿಸಿ ಹೆಸರಾದ ಅವಳಿ ಸೋದರರಲ್ಲಿ ಒಬ್ಬನಾದ ಫ್ರೀಲನ್ ಸ್ಟ್ಯಾನ್ಲಿ ಎಂಬಾತ ಕ್ಷಯದಿಂದ ಬಳಲಿ, 1903ರಲ್ಲಿ ಒಳ್ಳೆಯ ಗಾಳಿಗಾಗಿ ಇಲ್ಲಿಗೆ ಬಂದ. ಚೇತರಿಸಿಕೊಂಡ. ಎಷ್ಟು ಚೇತರಿಸಿಕೊಂಡನೆಂದರೆ ಆತ ತೀರಿಕೊಂಡದ್ದು 1940ರಲ್ಲಿ, ತನ್ನ 91ನೇ ವಯಸ್ಸಿನಲ್ಲಿ. ಜಾಗ ಮೆಚ್ಚಿ 1909ರಲ್ಲಿ ಅಲ್ಲೊಂದು ದೊಡ್ಡ ಹೋಟೆಲು ಕಟ್ಟಿಸಿದ. ಅದೇ ಸ್ಟ್ಯಾನ್ಲಿ ಹೋಟೆಲ್. ಆ ಕಾಲಕ್ಕೇ ಕೋಣೆ ಕೋಣೆಗೂ ವಿದ್ಯುತ್ ದೀಪ. ಅದಕ್ಕಾಗಿ ಹತ್ತಿರದ ಹೊಳೆಗೆ ಒಂದು ಜಲವಿದ್ಯುತ್ ಘಟಕವನ್ನೂ ಹಾಕಿಸಿದ್ದ. ಆದರೆ ವಿದ್ಯುತ್ತು ಎಂದ ಮೇಲೆ ಕೈಕೊಡುವುದೂ ಇದ್ದದ್ದೇ ತಾನೆ? ಕೈಕೊಟ್ಟಾಗ ಇರಲಿ ಎಂದು ಅಸಿಟಿಲಿನ್ ಅನಿಲದ ದೀಪಗಳನ್ನೂ ಕೂರಿಸಿದರು.

ವೆಲ್ಡಿಂಗ್ ಅಂಗಡಿಯ ಮುಂದೆ ಹಾದುಹೋಗುವಾಗ ಬೆಳ್ಳುಳ್ಳಿಯಂಥ ವಾಸನೆ ನಿಮ್ಮ ಮೂಗಿಗೆ ಬಡಿದಿದ್ದರೆ ಈ ಅನಿಲದ ಪರಿಚಯ ನಿಮಗೆ ಆಗಿದೆ ಎಂದೇ ಅರ್ಥ. ಕ್ಯಾಲ್ಸಿಯಂ ಕಾರ್ಬೈಡಿನ ಮೇಲೆ ನೀರು ಬಿದ್ದರೆ ಅಸಿಟಿಲಿನ್ ಹುಟ್ಟುತ್ತದೆ. ಮಾವಿನಕಾಯನ್ನು ಬೇಗ ಹಣ್ಣು ಮಾಡಲು ಕದ್ದುಮುಚ್ಚಿ ಬಳಸುತ್ತಾರಲ್ಲ, ಅದೇ ಕಾರ್ಬೈಡು. ಉರಿಸಿದರೆ ಕಣ್ಣು ಕೋರೈಸುವ ಬೆಳಕು ಕೊಡುತ್ತದೆ, ಆದರೆ ಬಲು ಅಪಾಯದ ಅನಿಲ. ನಮ್ಮ ಅಡುಗೆ ಅನಿಲ ಗಾಳಿಯಲ್ಲಿ ನೂರಕ್ಕೆ ಸುಮಾರು 2ರಿಂದ 10 ಭಾಗದಷ್ಟು ಬೆರೆತಿದ್ದಾಗ ಕಿಡಿ ತಗುಲಿದರೆ ಸಿಡಿಯುತ್ತದೆ. ಅಸಿಟಿಲಿನ್ ಹಾಗಲ್ಲ. ನೂರಕ್ಕೆ ಎರಡೂವರೆ ಭಾಗ ಸೇರಿದ್ದರೂ ಸಿಡಿಯುತ್ತದೆ, ಎಂಬತ್ತು ಭಾಗ ತುಂಬಿಕೊಂಡಿದ್ದರೂ ಸಿಡಿಯುತ್ತದೆ.

1911ರ ಜೂನ್ 25ರಂದು ಬಿರುಗಾಳಿ ಮಳೆ; ದೀಪ ಹೋಯಿತು. 217ನೇ ನಂಬರಿನ ಕೋಣೆಯಲ್ಲಿ ಅನಿಲ ಸೋರಿ ತುಂಬಿಕೊಂಡಿತ್ತು. ದೀಪ ಹೊತ್ತಿಸಲೆಂದು ಕೋಣೆಗೆಲಸದ ಹೆಂಗಸೊಬ್ಬಳು ಉರಿಯುವ ಮೇಣದಬತ್ತಿ ಹಿಡಿದು ಒಳಗೆ ಕಾಲಿಟ್ಟಳು. ಮುಂದಿನದನ್ನು ಹೇಳಬೇಕಾಗಿಲ್ಲ. ನೆಲವೇ ಕಿತ್ತುಹೋಗಿ ಆಕೆ ಕೆಳಗಿನ ಊಟದ ಹಜಾರಕ್ಕೆ ಬಿದ್ದಳು. ಕಾಲಿನ ಹರಡುಗಳು ಮುರಿದವು, ಜೀವ ಉಳಿಯಿತು. ಗಾಯಗೊಂಡವಳ ಹೆಸರನ್ನು ಅಂದಿನ ಪತ್ರಿಕೆಗಳು ಒಂದೊಂದೂ ಒಂದೊಂದು ರೀತಿಯಲ್ಲಿ ಬರೆದವು. ಕೊನೆಗೆ ಉಳಿದ ಹೆಸರು ಎಲಿಜಬೆತ್ ವಿಲ್ಸನ್.

ಇಂದು 217ರಲ್ಲಿ ಇರುವ 'ದೆವ್ವ' ಇವಳೇ. ರಾತ್ರಿ ಬಂದು ಅತಿಥಿಗಳ ಬಟ್ಟೆ ಮಡಿಸಿಡುತ್ತಾಳಂತೆ, ಪೆಟ್ಟಿಗೆ ಜೋಡಿಸುತ್ತಾಳಂತೆ. ಮದುವೆಯಾಗದ ಜೋಡಿ ಮಲಗಿದ್ದರೆ ನಡುವೆ ತೂರಿಕೊಂಡು ಮಲಗುತ್ತಾಳಂತೆ! ಆ ಕೋಣೆಯಲ್ಲಿ ಆಕೆ ಸತ್ತೇ ಇಲ್ಲ ಎಂಬುದು ಯಾರಿಗೂ ತೊಡಕಾಗಿ ಕಂಡಿಲ್ಲ. ಜೀವಮಾನವೆಲ್ಲ ಬೇರೆಯವರ ಹಾಸಿಗೆ ಕೊಡವಿದವಳಿಗೆ ಸತ್ತ ಮೇಲೂ ಅದೇ ಚಾಕರಿ ಹಚ್ಚಿರುವುದು ನನಗಂತೂ ಅನ್ಯಾಯವಾಗಿ ಕಾಣುತ್ತದೆ.

ಹೋಟೆಲಿನ ಅದೃಷ್ಟ ತಿರುಗಿದ್ದು 1974ರಲ್ಲಿ. ಚಳಿಗಾಲಕ್ಕೆ ಬಾಗಿಲು ಮುಚ್ಚುವ ಹೊತ್ತಿನಲ್ಲಿ ಕಾದಂಬರಿಕಾರ ಸ್ಟೀಫನ್ ಕಿಂಗ್ ಹೆಂಡತಿಯೊಡನೆ ಬಂದು ಇದೇ 217ರಲ್ಲಿ ಉಳಿದ. ಖಾಲಿ ಹಜಾರಗಳು, ಉದ್ದದ ಓಣಿಗಳು. ರಾತ್ರಿ ಕೆಟ್ಟ ಕನಸು ಬಿತ್ತು. ಅದರಿಂದ ಹುಟ್ಟಿದ 'ದಿ ಶೈನಿಂಗ್' ಕಾದಂಬರಿ 1977ರಲ್ಲಿ ಪ್ರಕಟವಾಯಿತು. 1980ರ ಸಿನಿಮಾವನ್ನು ಇಲ್ಲಿ ತೆಗೆದದ್ದಲ್ಲ, ಆದರೂ ಜನ ಬಂದದ್ದು ಇಲ್ಲಿಗೇ. ಅವರ ಹಿಂದೆಯೇ ದೆವ್ವ ಪರಿಶೋಧಕರೂ ಬಂದರು.

2006ರಲ್ಲಿ ಬಂದ ಟೆಲಿವಿಷನ್ ತಂಡದ ಮುಖ್ಯಸ್ಥರಿಬ್ಬರೂ ವೃತ್ತಿಯಿಂದ ಕೊಳಾಯಿ ಕೆಲಸದವರು. ನಗಬೇಡಿ. ರಾತ್ರಿ ಗೋಡೆಯೊಳಗೆ ಸದ್ದಾದರೆ ಮೊದಲು ಕರೆಯಬೇಕಾದದ್ದು ಕೊಳಾಯಿಯವರನ್ನೇ. ತೊಂದರೆ ಇರುವುದು ಇಂಥ ತಂಡಗಳು ಹಿಡಿದು ಓಡಾಡುವ ಉಪಕರಣಗಳಲ್ಲಿ, ಅಲ್ಲ, ಉಪಕರಣಗಳನ್ನು ಓದುವ ರೀತಿಯಲ್ಲಿ. ವಿದ್ಯುತ್ಕಾಂತ ಕ್ಷೇತ್ರ ಅಳೆಯುವ ಮೀಟರಿನ ಮುಳ್ಳು ಅಲುಗಿದರೆ ಗೋಡೆಯಲ್ಲಿ ವೈರಿದೆ ಎಂದು ಗೊತ್ತಾಗುತ್ತದೆ. ಅದರ ಕೆಲಸವೇ ಅದು. ಅವಕೆಂಪು ಕಿರಣದ ಉಷ್ಣಮಾಪಕ ಎದುರಿನ ಗೋಡೆ ಅಥವಾ ಗಾಜಿನ ಮೇಲ್ಮೈಯ ಬಿಸಿ ತಿಳಿಸುತ್ತದೆ, ನಡುವಿನ ಗಾಳಿಯದ್ದಲ್ಲ. ಅದನ್ನು ಕಿಟಕಿಯತ್ತ ಹಿಡಿದು 'ಇಲ್ಲಿ ಯಾರೋ ತಣ್ಣಗೆ ನಿಂತಿದ್ದಾರೆ' ಎಂದರೆ ಏನು ಹೇಳೋಣ?

ಇದೇ ಹೋಟೆಲಿನಲ್ಲಿ 2016ರ ಸುಮಾರಿಗೆ ಹೊಸದೊಂದು ವಿಧಾನ ಹುಟ್ಟಿತು. ಊರಿನ ಹೆಸರಿನಿಂದ ಎಸ್ಟೆಸ್ ವಿಧಾನ ಎನ್ನುತ್ತಾರೆ. ಒಬ್ಬರ ಕಣ್ಣಿಗೆ ಬಟ್ಟೆ ಕಟ್ಟಿ, ಕಿವಿಗೆ ಹೊರಗಿನ ಸದ್ದು ಕೇಳದಂಥ ಹೆಡ್‌ಫೋನ್ ಹಾಕುತ್ತಾರೆ. ಅದರೊಳಗೆ ಒಂದೊಂದೇ ಸ್ಟೇಷನ್ನನ್ನು ಸವರಿಕೊಂಡು ಹೋಗುವ ರೇಡಿಯೋದ ಗರಗರ. ಅದರಲ್ಲಿ ಕೇಳಿಸಿದ ಪದಗಳನ್ನು ಆತ ಗಟ್ಟಿಯಾಗಿ ಹೇಳಬೇಕು. ಉಳಿದವರು ಅವನಿಗೆ ಕೇಳಿಸದಂತೆ ದೆವ್ವಕ್ಕೆ ಪ್ರಶ್ನೆ ಹಾಕುತ್ತಾರೆ. ಇದನ್ನು ಓದಿದಾಗ ನನಗೆ ನಿಜಕ್ಕೂ ಸಂತೋಷವಾಯಿತು. ಪ್ರಶ್ನೆ ಗೊತ್ತಿದ್ದವನಿಗೆ ಬೇಕಾದ ಉತ್ತರವೇ ಕೇಳಿಸುತ್ತದೆ ಎಂಬ ತಿಳಿವಳಿಕೆ ಇದರ ಹಿಂದಿದೆ. ಔಷಧ ಪರೀಕ್ಷೆಯಲ್ಲೂ ಇದೇ ಎಚ್ಚರ ವಹಿಸುತ್ತಾರೆ. ಆದರೆ ಅರ್ಧ ದಾರಿಯಲ್ಲೇ ನಿಂತುಬಿಟ್ಟರು. ಕೇಳುವವನ ಕಣ್ಣು ಕಟ್ಟಿದ್ದಾಯಿತು, ಪ್ರಶ್ನೆಗೂ ಉತ್ತರಕ್ಕೂ ಗಂಟು ಹಾಕುವವರ ಕಣ್ಣು ಕಟ್ಟಲಿಲ್ಲ. 'ನೀನು ಯಾರು?' ಎಂದಾಗ 'ಬೆಳಕು' ಎಂಬ ಪದ ಬಂದರೆ ಮೇಣದಬತ್ತಿ ನೆನಪಾಗಿ ಮೈ ಜುಮ್ಮೆನ್ನುತ್ತದೆ; 'ಬೆಣ್ಣೆ' ಎಂದು ಬಂದರೆ ಯಾರೂ ಬರೆದುಕೊಳ್ಳುವುದಿಲ್ಲ. ಮಾಡಬೇಕಾದದ್ದು ಇಷ್ಟೇ: ಯಾವ ಪ್ರಶ್ನೆಯನ್ನೂ ಕೇಳದೆ ಒಂದು ಗಂಟೆ, ಕೇಳುತ್ತ ಒಂದು ಗಂಟೆ ಪದಗಳನ್ನು ಬರೆದಿಟ್ಟು, ಎರಡು ಪಟ್ಟಿಯನ್ನೂ ಹೊರಗಿನವರ ಕೈಗೆ ಕೊಟ್ಟು 'ದೆವ್ವದ ಪಟ್ಟಿ ಯಾವುದು, ತೋರಿಸಿ' ಎನ್ನಬೇಕು. ಖರ್ಚಿಲ್ಲದ ಪ್ರಯೋಗ. ನಮ್ಮ ಹುಡುಗರೂ ಮಾಡಬಲ್ಲರು.

ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ರಿಚರ್ಡ್ ವೈಸ್‌ಮನ್ ಮತ್ತು ಸಂಗಡಿಗರು ಹೀಗೆ ಎಚ್ಚರದಿಂದ ಮಾಡಿದ ಕೆಲಸ 2003ರಲ್ಲಿ ಪ್ರಕಟವಾಯಿತು. ಹ್ಯಾಂಪ್ಟನ್ ಕೋರ್ಟ್ ಅರಮನೆ, ಎಡಿನ್‌ಬರೋದ ಸೇತುವೆಯಡಿಯ ಹಳೆಯ ಕಮಾನುಕೋಣೆಗಳು, ಇವೆರಡೂ ದೆವ್ವಕ್ಕೆ ಹೆಸರಾದ ಜಾಗಗಳೇ. ಸಾಮಾನ್ಯ ಜನರನ್ನು ಒಳಗೆ ಬಿಟ್ಟು, ಏನನ್ನಿಸಿತು, ಎಲ್ಲಿ ಅನ್ನಿಸಿತು ಎಂದು ಬರೆಸಿಕೊಂಡರು. ಕುಖ್ಯಾತಿ ಇದ್ದ ಮೂಲೆಗಳಲ್ಲೇ ಹೆಚ್ಚು ಜನರಿಗೆ ಏನೋ ಅನ್ನಿಸಿತ್ತು. ಅಂದರೆ ಜನ ಸುಳ್ಳು ಹೇಳುತ್ತಿರಲಿಲ್ಲ. ಆದರೆ ಆ ಅನುಭವಗಳು ಕೋಣೆಯ ಗಾತ್ರ, ಬೆಳಕು, ಅಲ್ಲಿನ ಕಾಂತಕ್ಷೇತ್ರದ ಏರಿಳಿತ ಇಂಥವುಗಳೊಡನೆ ಹೊಂದಿಕೊಂಡು ಬಂದವು. 'ನಿನಗೆ ಏನೂ ಆಗಿಲ್ಲ, ಎಲ್ಲ ಭ್ರಮೆ' ಎಂದು ಹೆದರಿದವನ ಬಾಯಿ ಮುಚ್ಚಿಸುವ ನಮ್ಮ ಕೆಲವು ವಿಚಾರವಾದಿ ಗೆಳೆಯರು ಇದನ್ನು ಗಮನಿಸಬೇಕು. ಆಗಿರುತ್ತದೆ ಸ್ವಾಮಿ. ಏಕೆ ಆಯಿತು ಎಂದು ಕೇಳಬೇಕು.

ಕೇಳದೇ ಹೋದರೆ ಏನಾಗುತ್ತದೆ ಎನ್ನುವುದಕ್ಕೆ ಅಮೆರಿಕದ ನೇತ್ರವೈದ್ಯ ವಿಲಿಯಂ ವಿಲ್ಮರ್ 1921ರಲ್ಲಿ ವೈದ್ಯ ಪತ್ರಿಕೆಯೊಂದರಲ್ಲಿ ವರದಿ ಮಾಡಿದ ಪ್ರಸಂಗವಿದೆ. ಒಂದು ಸಂಸಾರ ಹಳೆಯ ಮನೆಯೊಂದಕ್ಕೆ ಬಂತು. ಸ್ವಲ್ಪ ದಿನಗಳಲ್ಲೇ ಎಲ್ಲರಿಗೂ ತಲೆನೋವು, ಸುಸ್ತು. ಮಕ್ಕಳು ಬಿಳಿಚಿಕೊಂಡರು. ರಾತ್ರಿ ಹೆಜ್ಜೆ ಸಪ್ಪಳ. ಯಾರೋ ಹಿಂದೆ ನಿಂತ ಹಾಗೆ. ಕುಂಡದ ಗಿಡಗಳೂ ಬಾಡಿದವು. ದೆವ್ವವೇ ಗಿಡಕ್ಕೂ ಬಡಿಯಿತೇ? ಕೊನೆಗೆ ನೋಡಿದರೆ ಮನೆ ಬೆಚ್ಚಗಿಡುವ ಕುಲುಮೆ ಕೆಟ್ಟು, ಅದರ ಹೊಗೆ ಚಿಮಣಿಯ ದಾರಿ ಬಿಟ್ಟು ಕೋಣೆಗಳೊಳಗೆ ಬರುತ್ತಿತ್ತು. ಅದರಲ್ಲಿದ್ದದ್ದು ಕಾರ್ಬನ್ ಮೊನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮಿದುಳಿಗೆ ಉಸಿರು ಸಾಲದೆ ಇಲ್ಲದ್ದು ಕೇಳಿಸುತ್ತದೆ, ಕಾಣಿಸುತ್ತದೆ. ಬಚ್ಚಲುಮನೆಯೊಳಗೇ ಗ್ಯಾಸ್ ಗೀಸರ್ ಇಟ್ಟು, ಕಿಟಕಿ ಬಿಗಿಯಾಗಿ ಮುಚ್ಚಿ ಸ್ನಾನಕ್ಕಿಳಿದವರು ಹೊರಗೆ ಬಾರದೆ ಹೋದ ಸುದ್ದಿಯನ್ನು ನಮ್ಮ ಪತ್ರಿಕೆಗಳಲ್ಲೂ ಓದುತ್ತಿರುತ್ತೇವೆ. ಅಲ್ಲೂ ಇದೇ ಅನಿಲ. ಆ ಸಂಸಾರದವರು ಮಂತ್ರವಾದಿಯನ್ನು ಕರೆಸಿ, ದಿಗ್ಬಂಧನವೆಂದು ಇದ್ದ ಕಿಟಕಿಗಳನ್ನೂ ಮುಚ್ಚಿಸಿದ್ದರೆ ಒಬ್ಬರೂ ಉಳಿಯುತ್ತಿರಲಿಲ್ಲವೋ ಏನೋ. ಪುಣ್ಯಕ್ಕೆ ಕುಲುಮೆ ರಿಪೇರಿ ಮಾಡಿಸಿದರು. ಆಮೇಲೆ ಆ ಮನೆಯಲ್ಲಿ ರಾತ್ರಿ ಯಾರೂ ಓಡಾಡಲಿಲ್ಲ.