ನೂತನ ಪ್ರಾಧ್ಯಾಪಕರ ಸ್ವಾಗತ

ವಿಶ್ವವಿದ್ಯಾನಿಲಯಕ್ಕೆ ಹೊಸ ಪ್ರಾಧ್ಯಾಪಕರು ಬಂದು ಸೇರಿದಾಗ ಸಭೆ ಕೂಡಿಸಿ ಅವರನ್ನು ಸ್ವಾಗತಿಸುವುದು ನಮ್ಮಲ್ಲಿ ವಾಡಿಕೆಯಾಗಿದೆ. ಕುಲಪತಿಗಳು ಅಧ್ಯಕ್ಷತೆ ವಹಿಸುತ್ತಾರೆ. ಹಾರ, ಶಾಲು, ಫಲತಾಂಬೂಲಗಳ ವಿನಿಯೋಗವಾಗುತ್ತದೆ. ಗುರುಸ್ಥಾನದ ಮಹಿಮೆಯನ್ನು ಕುರಿತು ನಾಲ್ಕಾರು ಭಾಷಣಗಳು ನಡೆಯುತ್ತವೆ. ಇದರಲ್ಲಿ ಆಕ್ಷೇಪಿಸತಕ್ಕದ್ದೇನೂ ಇಲ್ಲ. ಬಂದವರನ್ನು ಆದರಿಸುವುದು ನಮ್ಮ ನಾಡಿನ ಸಂಪ್ರದಾಯ. ಆದರೆ ಸೊಸೆಯನ್ನು ಆರತಿಯೆತ್ತಿ ಮನೆ ತುಂಬಿಸಿಕೊಂಡ ಮಾತ್ರಕ್ಕೆ ಅವಳ ಬಾಳು ಹಸನಾಯಿತೆಂದು ಯಾರೂ ಹೇಳುವುದಿಲ್ಲ. ಮರುದಿನದಿಂದ ಆ ಮನೆಯಲ್ಲಿ ಅವಳಿಗೆ ದೊರೆಯುವ ಸ್ಥಾನವೇನು ಎಂಬುದೇ ಮುಖ್ಯವಾದ ಪ್ರಶ್ನೆ. ಪ್ರಾಧ್ಯಾಪಕರ ವಿಷಯದಲ್ಲಿಯೂ ಹೀಗೆಯೇ. ಹಾರ ಬಾಡಿದ ಮೇಲೆ ಅವರಿಗೆ ದೊರೆಯುವುದೇನು? ಓದಲು ಪುಸ್ತಕ, ಪ್ರಯೋಗಕ್ಕೆ ಉಪಕರಣ, ಯೋಚಿಸಲು ಬಿಡುವು, ಹೇಳಲು ಸ್ವಾತಂತ್ರ್ಯ, ಇವು ದೊರೆತರೆ ಸ್ವಾಗತವು ನಿಜವಾಯಿತು; ದೊರೆಯದಿದ್ದರೆ ಅದು ಕೇವಲ ಉಪಚಾರವಾಯಿತು.

ಈ ಪ್ರಶ್ನೆಯನ್ನು ಇಂದು ಎತ್ತುವುದಕ್ಕೆ ಬಲವಾದ ಕಾರಣವಿದೆ. ರಾಜ್ಯ ಸರ್ಕಾರಗಳ ಅಧೀನದಲ್ಲಿರುವ ವಿಶ್ವವಿದ್ಯಾನಿಲಯಗಳನ್ನು ಕುರಿತು ನೀತಿ ಆಯೋಗವು 2025ರ ಫೆಬ್ರವರಿಯಲ್ಲಿ ವರದಿಯೊಂದನ್ನು ಪ್ರಕಟಿಸಿತು. ದೇಶದ ಉನ್ನತ ಶಿಕ್ಷಣದ ವಿದ್ಯಾರ್ಥಿಗಳಲ್ಲಿ ಸುಮಾರು ಶೇಕಡ 81 ಮಂದಿ ಈ ವಿಶ್ವವಿದ್ಯಾನಿಲಯಗಳ ಆಶ್ರಯದಲ್ಲಿಯೇ ಇದ್ದಾರೆಂದು ಅದರಲ್ಲಿ ಹೇಳಿದೆ. ಅದೇ ವರದಿಯು ಈ ಸಂಸ್ಥೆಗಳ ಅಧ್ಯಾಪಕ ಹುದ್ದೆಗಳಲ್ಲಿ ಶೇಕಡ 40ಕ್ಕೂ ಹೆಚ್ಚು ಬರಿದಾಗಿವೆಯೆಂದೂ, ಸುಸಜ್ಜಿತವಾದ ಸಂಶೋಧನಾ ಸೌಕರ್ಯವುಳ್ಳವು ಹತ್ತರಲ್ಲಿ ಒಂದು ಮಾತ್ರವೆಂದೂ ತಿಳಿಸಿದೆ. ಎಂದರೆ, ನಾಡಿನ ಮಕ್ಕಳ ಬಹುದೊಡ್ಡ ಭಾಗಕ್ಕೆ ವಿದ್ಯಾದಾನ ಮಾಡತಕ್ಕ ಮನೆಯಲ್ಲಿ ಗುರುಪೀಠಗಳು ಬರಿದಾಗಿವೆ; ಪೀಠವೇರಿದವರ ಕೈಯಲ್ಲಿ ಸಾಧನಗಳಿಲ್ಲ. ಇಂತಹ ಸ್ಥಿತಿಯಲ್ಲಿ ಒಬ್ಬೊಬ್ಬ ಹೊಸ ಪ್ರಾಧ್ಯಾಪಕನ ಆಗಮನವೂ ದೊಡ್ಡ ಸಂಗತಿಯೇ ಸರಿ.

ಸಾರ್ವಜನಿಕ ವಿಶ್ವವಿದ್ಯಾನಿಲಯವೊಂದು ಬೆಳೆಯುವುದು ಹೇಗೆಂಬುದಕ್ಕೆ ಹೊರದೇಶಗಳ ಉದಾಹರಣೆಗಳನ್ನು ಹುಡುಕಬೇಕಾದುದಿಲ್ಲ. ಪರಾಧೀನತೆಯ ದಿನಗಳಲ್ಲಿಯೇ ನಮ್ಮವರು ಅದನ್ನು ಮಾಡಿ ತೋರಿಸಿದ್ದಾರೆ. ಕಲ್ಕತ್ತೆಯಲ್ಲಿ ಸರ್ ಆಶುತೋಷ ಮುಖರ್ಜಿಯವರು 1914ರಲ್ಲಿ ವಿಜ್ಞಾನ ಕಾಲೇಜಿಗೆ ಅಸ್ತಿಭಾರ ಹಾಕಿದರು. ತಾರಕನಾಥ ಪಾಲಿತ್, ರಾಸಬಿಹಾರಿ ಘೋಷ್ ಎಂಬ ಇಬ್ಬರು ವಕೀಲರು ತಾವು ದುಡಿದ ಹಣವನ್ನು ಅದಕ್ಕೆ ಧಾರೆಯೆರೆದರು. ಕಟ್ಟಡಕ್ಕಿಂತ ಮಿಗಿಲಾಗಿ ಆಶುತೋಷರು ಹುಡುಕಿದ್ದು ಮನುಷ್ಯರನ್ನು. ಮೇಘನಾದ ಸಾಹಾ, ಸತ್ಯೇಂದ್ರನಾಥ ಬೋಸ್ ಎಂಬ ತರುಣರು 1916ರಲ್ಲಿ ಅಲ್ಲಿ ಉಪನ್ಯಾಸಕರಾದಾಗ ಇಬ್ಬರಿಗೂ ಇಪ್ಪತ್ತೈದು ತುಂಬಿರಲಿಲ್ಲ. ಸರ್ಕಾರದ ಹಣಕಾಸಿನ ಇಲಾಖೆಯಲ್ಲಿ ಲೆಕ್ಕಪತ್ರ ನೋಡುತ್ತಿದ್ದ ಸಿ. ವಿ. ರಾಮನ್ನರು ಹೆಚ್ಚಿನ ಸಂಬಳದ ಆ ಅಧಿಕಾರವನ್ನು ಬಿಟ್ಟು 1917ರಲ್ಲಿ ಪಾಲಿತ್ ಪ್ರಾಧ್ಯಾಪಕರಾಗಿ ಬಂದರು. ವಿಶ್ವವಿದ್ಯಾನಿಲಯವು ಅವರ ಜೀವನೋಪಾಯವನ್ನೂ ಕಾಲವನ್ನೂ ಭದ್ರಪಡಿಸಿತು. ಅದೇ ನಗರದ ವಿಜ್ಞಾನ ಸಂಘದ ಪ್ರಯೋಗಶಾಲೆಯು ಅವರ ಕೈಗೆ ಕೆಲಸವನ್ನಿತ್ತಿತು. ಫಲವು 1928ರಲ್ಲಿ ಲೋಕಕ್ಕೆ ತಿಳಿಯಿತು. 1930ರಲ್ಲಿ ನೊಬೆಲ್ ಪಾರಿತೋಷಕವು ಅದನ್ನು ಅನುಮೋದಿಸಿತು. ನಕ್ಷತ್ರಗಳ ವರ್ಣಪಟಲದ ರಹಸ್ಯವನ್ನು ಬಿಡಿಸುವ ಸಾಹಾ ಸಮೀಕರಣವು 1920ರಷ್ಟು ಮೊದಲೇ ಹೊರಬಂದಿತ್ತು.

ಬೋಸರ ಕಥೆಯಂತೂ ನಮ್ಮ ವಿದ್ಯಾಧಿಕಾರಿಗಳೆಲ್ಲರೂ ಮನನ ಮಾಡತಕ್ಕದ್ದು. ಡಾಕ್ಕಾ ವಿಶ್ವವಿದ್ಯಾನಿಲಯವು 1921ರಲ್ಲಿ ಬಾಗಿಲು ತೆರೆದೊಡನೆ ಅವರು ಅಲ್ಲಿಗೆ ರೀಡರಾಗಿ ಹೋದರು. ಹೊಸ ಸಂಸ್ಥೆ, ದೂರದ ಊರು. ಅಲ್ಲಿ ಪ್ಲಾಂಕನ ಸೂತ್ರವನ್ನು ಪಾಠ ಹೇಳುತ್ತಿರುವಾಗ ಅದರ ಪ್ರಚಲಿತ ನಿರೂಪಣೆಯು ಅವರಿಗೆ ಸಮಾಧಾನ ಕೊಡಲಿಲ್ಲ. ತಾವೇ ಹೊಸದೊಂದು ನಿರೂಪಣೆಯನ್ನು ಸಾಧಿಸಿ, 1924ರಲ್ಲಿ ಐನ್‌ಸ್ಟೈನರಿಗೆ ಕಳುಹಿಸಿದರು. ಐನ್‌ಸ್ಟೈನರು ಅದನ್ನು ಜರ್ಮನ್ ಭಾಷೆಗೆ ತಿರುಗಿಸಿ ಪ್ರಕಟಿಸಿದರು. ಡಾಕ್ಕಾ ವಿಶ್ವವಿದ್ಯಾನಿಲಯವು ಆಗ ಮಾಡಿದ್ದೇನು? ಮೂರು ವರ್ಷಗಳ ಹಿಂದೆಯಷ್ಟೇ ಸೇರಿದ ಈ ಅಧ್ಯಾಪಕನನ್ನು ಸುಮಾರು ಎರಡು ವರ್ಷಗಳ ಕಾಲ ಯುರೋಪಿಗೆ ಕಳುಹಿಸಿತು. ಮರಳಿದ ಮೇಲೆ, ಅವರಿಗೆ ಡಾಕ್ಟರೇಟ್ ಪದವಿಯಿಲ್ಲವೆಂಬ ಅಡ್ಡಿಯನ್ನು ಗಣಿಸದೆ ಪ್ರಾಧ್ಯಾಪಕಪೀಠವನ್ನು ಕೊಟ್ಟಿತು. ಬೋಧನೆ ಬೇರೆ, ಸಂಶೋಧನೆ ಬೇರೆ ಎನ್ನುವವರಿಗೂ, ನಿಯಮವೇ ಯೋಗ್ಯತೆಯೆಂದು ತಿಳಿದವರಿಗೂ ಈ ಒಂದು ದೃಷ್ಟಾಂತವು ಸಾಕಾದೀತು.

ಅದೇ ವರ್ಷಗಳಲ್ಲಿ ನಮ್ಮ ಮೈಸೂರು ಹಿಂದೆ ಬಿದ್ದಿರಲಿಲ್ಲವೆಂಬುದು ಕನ್ನಡಿಗರು ಹೆಮ್ಮೆಪಡತಕ್ಕ ಸಂಗತಿ. ಯುರೋಪಿನ ಮಹಾಯುದ್ಧವು ನಡೆಯುತ್ತಿದ್ದ 1916ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿರುವಾಗ, ದೇಶೀಯ ಸಂಸ್ಥಾನಗಳಲ್ಲಿಯೇ ಮೊದಲನೆಯ ವಿಶ್ವವಿದ್ಯಾನಿಲಯವು ಇಲ್ಲಿ ಹುಟ್ಟಿತು. ಮೊದಲ ಕುಲಪತಿಗಳಾದವರು ಎಚ್. ವಿ. ನಂಜುಂಡಯ್ಯನವರು. ಪ್ರಾಧ್ಯಾಪಕರನ್ನು ಆರಿಸುವಲ್ಲಿ ಆಗಿನವರು ಊರು ನೋಡಲಿಲ್ಲ, ಯೋಗ್ಯತೆಯನ್ನು ನೋಡಿದರು. ಇತಿಹಾಸಕ್ಕೆ ಬಂಗಾಳದ ರಾಧಾಕುಮುದ ಮುಖರ್ಜಿಯವರು ಬಂದರು. ತತ್ತ್ವಶಾಸ್ತ್ರಕ್ಕೆ ಸರ್ವಪಲ್ಲಿ ರಾಧಾಕೃಷ್ಣನ್ನರು 1918ರಲ್ಲಿ ತಮ್ಮ ಮೂವತ್ತನೆಯ ವಯಸ್ಸಿನಲ್ಲಿ ಬಂದರು. ಮುಂದಿನ ದಶಕದಲ್ಲಿ ಬ್ರಜೇಂದ್ರನಾಥ ಶೀಲರು ಕುಲಪತಿಗಳಾಗಿ ಈ ಸಂಸ್ಥೆಯನ್ನು ಬೆಳೆಸಿದರು. ಹೊರಗಿನವರನ್ನು ಬರಮಾಡಿಕೊಂಡುದರಿಂದ ಒಳಗಿನವರು ಕುಗ್ಗಲಿಲ್ಲ. ಎಂ. ಹಿರಿಯಣ್ಣನವರು, ಬಿ. ಎಂ. ಶ್ರೀಕಂಠಯ್ಯನವರು, ಟಿ. ಎಸ್. ವೆಂಕಣ್ಣಯ್ಯನವರು ಅದೇ ಅಂಗಳದಲ್ಲಿ ಬೆಳಗಿದರು. ಹಿರಿಯಣ್ಣನವರು ವರ್ಷಾನುಗಟ್ಟಲೆ ತರಗತಿಯಲ್ಲಿ ಹೇಳಿದ ಪಾಠಗಳೇ ಪಕ್ವವಾಗಿ 1932ರಲ್ಲಿ ಭಾರತೀಯ ತತ್ತ್ವಶಾಸ್ತ್ರದ ರೂಪರೇಷೆಗಳನ್ನು ಕುರಿತ ಗ್ರಂಥವಾಗಿ ಲಂಡನ್ನಿನಲ್ಲಿ ಅಚ್ಚಾದುವು. ಆ ಗ್ರಂಥವನ್ನು ಇಂದಿಗೂ ವಿದ್ಯಾರ್ಥಿಗಳು ಓದುತ್ತಿದ್ದಾರೆ.

ರಾಧಾಕೃಷ್ಣನ್ನರು ಮೈಸೂರಿಗೆ ಬಂದ ದಿನ ಅವರಿಗೆ ಯಾರು ಹಾರ ಹಾಕಿದರೆಂಬುದನ್ನು ಯಾರೂ ನೆನಪಿಟ್ಟಿಲ್ಲ. ಆದರೆ 1921ರಲ್ಲಿ ಅವರು ಕಲ್ಕತ್ತೆಯ ಪೀಠಕ್ಕೆ ಹೊರಟ ದಿನ, ವಿದ್ಯಾರ್ಥಿಗಳು ಕುದುರೆಗಳನ್ನು ಬಿಚ್ಚಿ, ಹೂವಿನಿಂದ ಸಿಂಗರಿಸಿದ ಸಾರೋಟನ್ನು ತಾವೇ ಎಳೆದು ರೈಲುನಿಲ್ದಾಣಕ್ಕೆ ಮುಟ್ಟಿಸಿದರೆಂಬ ಕಥೆಯನ್ನು ನಾಡೆಲ್ಲ ಬಲ್ಲದು. ಸ್ವಾಗತದ ಬೆಲೆಯು ಬೀಳ್ಕೊಡುಗೆಯ ದಿನ ತಿಳಿಯುತ್ತದೆ. ಮೂರು ವರ್ಷಗಳಲ್ಲಿ ಗುರುವಿಗೂ ಶಿಷ್ಯರಿಗೂ ಅಂತಹ ಬಾಂಧವ್ಯ ಬೆಳೆಯಬೇಕಾದರೆ ಗುರುವಿಗೆ ಶಿಷ್ಯರೊಡನೆ ಕುಳಿತು ಮಾತನಾಡುವಷ್ಟು ಬಿಡುವೂ, ನಾಳೆಯ ಚಿಂತೆಯಿಲ್ಲದ ಮನಸ್ಸೂ ಇದ್ದಿರಬೇಕು.

ಇನ್ನು ಇಂದಿನ ಸ್ಥಿತಿಯನ್ನು ನೋಡೋಣ. ಹಿಂದಿನವರು ತರುಣರನ್ನು ಕರೆದು, ನಂಬಿ, ಕೆಲಸಕ್ಕೆ ಬಿಟ್ಟರು. ನಾವು ಇಂದು ಮಾಡುತ್ತಿರುವುದು ಇದಕ್ಕೆ ವಿರುದ್ಧವಾದುದು. ಡಾಕ್ಟರೇಟ್ ಪದವಿಯನ್ನೂ ಅರ್ಹತಾ ಪರೀಕ್ಷೆಯನ್ನೂ ಮುಗಿಸಿದ ತರುಣನು ಅತಿಥಿ ಉಪನ್ಯಾಸಕನೆಂಬ ಹೆಸರಿನಿಂದ ವರ್ಷವರ್ಷವೂ ಬಾಗಿಲಲ್ಲಿ ನಿಲ್ಲುತ್ತಾನೆ. ಅತಿಥಿಯೆಂದರೆ ನಮ್ಮಲ್ಲಿ ದೇವರು. ಆದರೆ ಈ ಅತಿಥಿಗೆ ರಜೆಯ ತಿಂಗಳ ಸಂಬಳದ ಭರವಸೆ ಸಹ ಇಲ್ಲ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಇಂತಹವರ ಸಂಖ್ಯೆಯೇ ಹತ್ತು ಸಾವಿರವನ್ನು ಮೀರಿದೆ. 2023ರ ಕೊನೆಯಲ್ಲಿ ಅವರು ಪಾಠಗಳನ್ನು ನಿಲ್ಲಿಸಿ, ಸೇವಾಭದ್ರತೆಗಾಗಿ ಬೀದಿಗಿಳಿದುದನ್ನು ವಾಚಕರು ಮರೆತಿರಲಾರರು. ವಿಶ್ವವಿದ್ಯಾನಿಲಯಗಳ ಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವಾಗಿಲ್ಲ. ಕರಾರಿನ ಮೇಲೆ ನೇಮಕವಾದ ಅಧ್ಯಾಪಕರು ಒಟ್ಟು ಹುದ್ದೆಗಳ ಶೇಕಡ ಹತ್ತನ್ನು ಮೀರಬಾರದೆಂದು ಯುಜಿಸಿಯವರು 2018ರ ನಿಯಮಾವಳಿಯಲ್ಲಿ ವಿಧಿಸಿದ್ದರು. ನಿಯಮವು ಕಾಗದದಲ್ಲಿ ಉಳಿಯಿತು. 2025ರ ಜನವರಿಯಲ್ಲಿ ಪ್ರಕಟವಾದ ಕರಡಿನಲ್ಲಿ ಆ ಮಿತಿಯನ್ನೇ ಬಿಟ್ಟಿದ್ದರು. ರೋಗಕ್ಕೆ ಔಷಧ ಕೊಡಲಾರದೆ ರೋಗದ ಹೆಸರನ್ನು ಅಳಿಸಿದಂತಾಯಿತು!

ಹೀಗೆ ಕಾದು ಕಾದು ಎಷ್ಟೋ ಮಂದಿ ನಲವತ್ತರ ಅಂಚಿನಲ್ಲಿ ಖಾಯಂ ಹುದ್ದೆಯನ್ನು ಕಾಣುತ್ತಾರೆ. ಬೋಸರು ತಮ್ಮ ಪ್ರಬಂಧವನ್ನು ಬರೆದುದು ಮೂವತ್ತನೆಯ ವಯಸ್ಸಿನಲ್ಲಿ. ಆ ವಯಸ್ಸಿನ ಹುರುಪನ್ನು ನಾವು ಅರ್ಜಿ ಬರೆಯುವುದರಲ್ಲಿಯೂ ಕಚೇರಿಯಿಂದ ಕಚೇರಿಗೆ ಅಲೆಯುವುದರಲ್ಲಿಯೂ ಸವೆಸಿ, ಉಳಿದುದಕ್ಕೆ ಹಾರ ಹಾಕುತ್ತಿದ್ದೇವೆ. ಹುದ್ದೆ ದೊರೆತ ಮೇಲಾದರೂ ನೆಮ್ಮದಿಯುಂಟೇ? ಸಹಾಯಕ ಪ್ರಾಧ್ಯಾಪಕರು ವಾರಕ್ಕೆ 16 ಗಂಟೆ ಪಾಠ ಹೇಳಬೇಕೆಂಬುದು ನಿಯಮ. ಇದು ಭಾರವಲ್ಲವೆಂದು ತೋರಬಹುದು. ಆದರೆ ಐವರು ಇರಬೇಕಾದ ವಿಭಾಗದಲ್ಲಿ ಇಬ್ಬರೇ ಇದ್ದಾಗ ಮೂವರ ಪಾಠವೂ, ಪರೀಕ್ಷೆಯೂ, ಮೌಲ್ಯಮಾಪನವೂ, ಮಾನ್ಯತಾ ಸಮಿತಿಗೆ ಒಪ್ಪಿಸಬೇಕಾದ ಕಡತಗಳೂ ಆ ಇಬ್ಬರ ಹೆಗಲಿಗೇ ಬೀಳುತ್ತವೆ. ಸಂಶೋಧನೆಯು ರಾತ್ರಿಯ ಮತ್ತು ಭಾನುವಾರದ ಕೆಲಸವಾಗುತ್ತದೆ.

ಬೊಕ್ಕಸದಲ್ಲಿ ಹಣವೆಲ್ಲಿ ಎಂದು ಸರ್ಕಾರದವರು ಕೇಳಬಹುದು. ಈ ಮಾತನ್ನು ನಾವು ಹಗುರಾಗಿ ತಳ್ಳಿಹಾಕುವುದಿಲ್ಲ. ನಿವೃತ್ತರ ವೇತನದ ಹೊರೆಯಿಂದಲೇ ನಮ್ಮ ಹಳೆಯ ವಿಶ್ವವಿದ್ಯಾನಿಲಯಗಳು ಬಳಲುತ್ತಿರುವುದನ್ನು ಬಲ್ಲೆವು. ಆದರೆ ಹಣವಿಲ್ಲವೆನ್ನುವವರು ಜಿಲ್ಲೆಗೊಂದರಂತೆ ವಿಶ್ವವಿದ್ಯಾನಿಲಯಗಳನ್ನು ಸ್ಥಾಪಿಸುತ್ತ ಹೋದುದೇಕೆ? ಬೀದರ, ಹಾವೇರಿ, ಕೊಪ್ಪಳ, ಬಾಗಲಕೋಟೆ, ಹಾಸನ, ಚಾಮರಾಜನಗರ, ಕೊಡಗುಗಳಲ್ಲಿ 2023ರಲ್ಲಿ ಏಳು ಹೊಸ ವಿಶ್ವವಿದ್ಯಾನಿಲಯಗಳು ಉದ್ಘಾಟನೆಯಾದುವು. ಎರಡು ವರ್ಷ ಕಳೆಯುವ ಮೊದಲೇ, 2025ರ ಫೆಬ್ರವರಿಯಲ್ಲಿ, ಹೊಸವುಗಳಲ್ಲಿ ಒಂಬತ್ತನ್ನು ಮುಚ್ಚುವ ವಿಚಾರವನ್ನು ಮಂತ್ರಿಗಳ ಉಪಸಮಿತಿಯು ಮುಂದಿಟ್ಟಿತು. ಒಬ್ಬರು ನಾಮಫಲಕ ತೂಗಹಾಕಿದರು, ಇನ್ನೊಬ್ಬರು ಅದನ್ನು ಇಳಿಸಲು ಏಣಿ ತಂದರು. ನಡುವೆ ಸಿಲುಕಿದವರು ಹಳ್ಳಿಗಳಿಂದ ಬಂದು ಸೇರಿದ ವಿದ್ಯಾರ್ಥಿಗಳು. ಮೊದಲು ಪ್ರಾಧ್ಯಾಪಕರು, ಆಮೇಲೆ ನಾಮಫಲಕ ಎಂಬ ಕ್ರಮವನ್ನು ಅನುಸರಿಸಿದ್ದರೆ ಈ ಅಪಹಾಸ್ಯಕ್ಕೆ ಎಡೆಯೇ ಇರುತ್ತಿರಲಿಲ್ಲ.

ಕೇಂದ್ರದವರ ಹೊಣೆಯೂ ಕಡಿಮೆಯದಲ್ಲ. ನಮ್ಮ ದೇಶವು ಸಂಶೋಧನೆಗಾಗಿ ವ್ಯಯಿಸುವುದು ರಾಷ್ಟ್ರೀಯ ಉತ್ಪನ್ನದ ಶೇಕಡ 0.64ರಷ್ಟು ಮಾತ್ರ. 2023ರ ಶಾಸನದಂತೆ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನವು ಸ್ಥಾಪಿತವಾದಾಗ ಐದು ವರ್ಷಗಳಲ್ಲಿ 50,000 ಕೋಟಿ ರೂಪಾಯಿಗಳ ಮಾತು ಕೇಳಿಬಂದಿತು. ಅದರಲ್ಲಿ ಸರ್ಕಾರದ ಪಾಲು 14,000 ಕೋಟಿ. ಉಳಿದುದು ಉದ್ಯಮಿಗಳಿಂದಲೂ ದಾನಿಗಳಿಂದಲೂ ಬರತಕ್ಕದ್ದು. ಉದ್ಯಮಿಗಳ ಹಣವು ಹೆಸರಾಂತ ಕೆಲವೇ ಸಂಸ್ಥೆಗಳ ಕಡೆಗೆ ಹರಿಯುವುದು ಸಹಜ. ಪಾಲಿತರಂತೆಯೂ ಘೋಷರಂತೆಯೂ ಸಾರ್ವಜನಿಕ ವಿಶ್ವವಿದ್ಯಾನಿಲಯಕ್ಕೆ ಧಾರೆಯೆರೆಯುವ ಶ್ರೀಮಂತರು ಕನ್ನಡನಾಡಿನಲ್ಲಿ ಇಂದು ಇಲ್ಲವೆ? ಬೆಂಗಳೂರಿನ ಸಂಪತ್ತನ್ನು ಕಂಡವರು ಇಲ್ಲವೆನ್ನಲಾರರು.

ಆದುದರಿಂದ ನಮ್ಮ ಸೂಚನೆಗಳು ಇಷ್ಟು. ಬರಿದಾದ ಹುದ್ದೆಗಳನ್ನು ವರ್ಷವರ್ಷವೂ ತಪ್ಪದೆ ತುಂಬತಕ್ಕದ್ದು. ಹತ್ತು ವರ್ಷ ಸುಮ್ಮನಿದ್ದು ಒಮ್ಮೆಗೇ ಜಾತ್ರೆ ನಡೆಸುವುದರಿಂದ ಯೋಗ್ಯರ ಒಂದು ಪೀಳಿಗೆಯೇ ಹಾಳಾಗುತ್ತದೆ. ಆಯ್ಕೆಯ ಅಂಕಗಳನ್ನೂ ಕಾರಣಗಳನ್ನೂ ಬಹಿರಂಗಪಡಿಸಬೇಕು. ಹಣಕ್ಕಾಗಲಿ ಪ್ರಭಾವಕ್ಕಾಗಲಿ ಬಾಗಿಲು ತೆರೆದೀತೆಂಬ ಶಂಕೆಯೇ ಗುರುಪೀಠಕ್ಕೆ ಕಳಂಕ. ದೀರ್ಘಕಾಲ ದುಡಿದ ಅತಿಥಿ ಉಪನ್ಯಾಸಕರ ಅನುಭವಕ್ಕೆ ನ್ಯಾಯವಾದ ಬೆಲೆ ಸಲ್ಲಬೇಕು. ಹೊಸಬರಿಗೆ ಮೊದಲ ಎರಡು ವರ್ಷ ಪಾಠದ ಹೊರೆಯನ್ನು ಇಳಿಸಿ, ಚಿಕ್ಕದಾದರೂ ಸರಿ, ಸ್ವಂತ ಸಂಶೋಧನೆಗೆ ಒಂದು ಮೊತ್ತವನ್ನು ಸೇರಿದ ದಿನವೇ ಕೈಗೆ ಕೊಡಬೇಕು. ಹೊರಗೆ ಹೋಗಿ ಕಲಿತು ಬರಲು ಡಾಕ್ಕಾದವರು ಬೋಸರಿಗೆ ಕೊಟ್ಟಂತೆ ರಜೆ ಕೊಡಬೇಕು. ಇವುಗಳಲ್ಲಿ ಅರ್ಧಕ್ಕೆ ಹಣವೇ ಬೇಡ, ಮನಸ್ಸು ಸಾಕು.

ಪ್ರಾಧ್ಯಾಪಕರಿಗೂ ಎರಡು ಮಾತು ಹೇಳುವುದು ನಮ್ಮ ಕರ್ತವ್ಯ. ಅವರ ಮುಂದೆ ಕುಳಿತಿರುವ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿ ತಮ್ಮ ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರು. ಅವರಿಗೆ ಅರ್ಥವಾಗದ ವಿದ್ವತ್ತು ಅವರ ಪಾಲಿಗೆ ಇಲ್ಲದ ವಿದ್ವತ್ತೇ. ಪರಪ್ರಾಂತದಿಂದ ಬಂದವರು ಕನ್ನಡವನ್ನು ಕಲಿಯಲಿ. ಕನ್ನಡಿಗರಾದವರು ತಮ್ಮ ಶಾಸ್ತ್ರವನ್ನು ಕನ್ನಡದಲ್ಲಿ ಬರೆಯುವುದಕ್ಕೆ ನಾಚದಿರಲಿ. ಮೈಸೂರಿನ ಪ್ರಚಾರ ಉಪನ್ಯಾಸಗಳೂ ಪ್ರಸಾರಾಂಗದ ಪುಸ್ತಕಗಳೂ ವಿದ್ಯೆಯನ್ನು ಹಳ್ಳಿಯ ಜಗುಲಿಗೆ ಮುಟ್ಟಿಸಿದುವು. ಆ ದಾರಿ ಈಗಲೂ ಮುಚ್ಚಿಲ್ಲ. ಬಡ್ತಿಗಾಗಿ ಲೇಖನಗಳ ಎಣಿಕೆಯನ್ನು ಹೆಚ್ಚಿಸುವ ಚಪಲಕ್ಕೆ ಅವರು ಒಳಗಾಗದಿರಲಿ. ದುಡ್ಡು ಕೊಟ್ಟರೆ ಏನನ್ನಾದರೂ ಅಚ್ಚುಹಾಕುವ ಪತ್ರಿಕೆಗಳಲ್ಲಿ ಬಂದ ಹತ್ತು ಲೇಖನಗಳಿಗಿಂತ ಐದು ವರ್ಷ ದುಡಿದು ಬರೆದ ಒಂದೇ ಪ್ರಬಂಧವು ಹಿರಿದು.

1929ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿಗೆ ಇಪ್ಪತ್ತನಾಲ್ಕರ ತರುಣನೊಬ್ಬನು ಕನ್ನಡ ಅಧ್ಯಾಪಕನಾಗಿ ಸೇರಿದನು. ಮಲೆನಾಡಿನ ಆ ತರುಣನೇ ಕುವೆಂಪು. ಅಧ್ಯಾಪಕ ವೃತ್ತಿಯಲ್ಲಿದ್ದುಕೊಂಡೇ ಅವರು ಮಹಾಕಾವ್ಯವನ್ನು ರಚಿಸಿದರು. 1956ರಲ್ಲಿ ಅದೇ ವಿಶ್ವವಿದ್ಯಾನಿಲಯದ ಕುಲಪತಿಗಳಾದರು. 1960ರಲ್ಲಿ ಮಾನಸಗಂಗೋತ್ರಿಯನ್ನು ನಾಡಿಗೆ ಕೊಟ್ಟರು. ಅವರು ಸೇರಿದ ದಿನ ಇದೆಲ್ಲವನ್ನೂ ಕಂಡವರಾರು? ಇಂದು ಸೇರುತ್ತಿರುವವರಲ್ಲಿಯೂ ಯಾರಲ್ಲಿ ಏನು ಅಡಗಿದೆಯೋ ನಾವು ಅರಿಯೆವು. ಬಿತ್ತನೆಯ ಬೀಜವನ್ನು ಕಣಜದಲ್ಲಿಟ್ಟು ಮುಗ್ಗಲು ಬಿಡುವ ರೈತನಿಲ್ಲ. ಸರ್ಕಾರದವರೂ ವಿದ್ಯಾಧಿಕಾರಿಗಳೂ ರೈತನಷ್ಟಾದರೂ ವಿವೇಕಿಗಳಾಗಲಿ. ನೂತನ ಪ್ರಾಧ್ಯಾಪಕರನ್ನು ನಾವು ಹೃತ್ಪೂರ್ವಕವಾಗಿ ಸ್ವಾಗತಿಸುತ್ತೇವೆ. ಅವರು ನಿವೃತ್ತರಾಗುವ ದಿನ ವಿದ್ಯಾರ್ಥಿಗಳು ತಾವೇ ಮುಂದಾಗಿ ಅವರ ಬಂಡಿಯನ್ನು ಎಳೆಯುವಂತಾಗಲೆಂದು ಹಾರೈಸುತ್ತೇವೆ.