ದತ್ತವೆಂಬದು ಬೇರೆ, ದೇಯವೆಂಬದು ಬೇರೆ

ನಾವು ಪಾಠಶಾಲೆಯ ಕೆಲಸದಿಂದ ನಿವೃತ್ತರಾದರೂ ಊರಿನವರು ನಮಗೆ ನಿವೃತ್ತಿಯನ್ನು ಕೊಟ್ಟಿರುವದಿಲ್ಲ. ಕೃಷ್ಣಾ ತೀರದ ಈ ಜುಗೂಳದಲ್ಲಿ ಯಾರ ಮನೆಗೆ ಸರಕಾರದ ಕಾಗದ ಬಂದರೂ ಅದನ್ನು ಓದಿಸಿಕೊಳ್ಳಲು ಅವರು ನಮ್ಮ ಜಗಲಿಗೇ ಬರುವರು. ಪ್ರವಾಹದ ಪರಿಹಾರದ ಪತ್ರ, ಬ್ಯಾಂಕಿನ ಪತ್ರ, ಪಿಂಚಣಿಯ ಪತ್ರ ಇವೆಲ್ಲವನ್ನೂ ಓದಿ ಹೇಳಿದ್ದೇವೆ. ‘ಇಂಥ ಹಣವು ನಿಮಗೆ ಸಲ್ಲುವದಿಲ್ಲ’ ಎಂಬ ಪತ್ರಗಳು ನಮಗೆ ಹೊಸವಲ್ಲ. ಆದರೆ ‘ಕೊಟ್ಟ ಹಣವನ್ನು ಮರಳಿ ಕಟ್ಟಿರಿ’ ಎಂದು ಕೇಳುವ ಪತ್ರವನ್ನು ನಾವು ಮೊದಲು ಓದಿದ್ದು 2024ರ ಶ್ರಾವಣದಲ್ಲಿ. ಆ ಕಥೆಯನ್ನು ಈ ತಿಂಗಳು ವಾಚಕರ ಮುಂದಿಡುವೆವು. ಯಾಕಂದರೆ ದುಡಿಯುವವರು ಇರುವ ಯಾವ ಮನೆಗಾದರೂ ಅಂಥ ಪತ್ರವು ನಾಳೆ ಬರಬಹುದಾಗಿದೆ.

ಪತ್ರವನ್ನು ತಂದವಳು ನಮ್ಮ ಹಳೆಯ ವಿದ್ಯಾರ್ಥಿನಿ. ಒಂದೂವರೆ ವರ್ಷದ ಕೂಸು ಆಕೆಯ ಸೆರಗನ್ನು ಹಿಡಿದುಕೊಂಡು ನಿಂತಿತ್ತು. ಆಕೆ 2022ರ ಜೂನ್ ತಿಂಗಳಿನಿಂದ ನದಿಯಾಚೆಯ ಒಂದು ಬಟ್ಟೆಯ ಕಾರ್ಖಾನೆಯಲ್ಲಿ ತಿಂಗಳಿಗೆ 9,600 ರೂಪಾಯಿ ಪಗಾರದ ಮೇಲೆ ದುಡಿಯುತ್ತಿದ್ದಳು. ಮದುವೆಗೆ ಮೊದಲು ಬೇರೊಂದು ಕಡೆ ದುಡಿದಿದ್ದರಿಂದ ಇ.ಎಸ್.ಐ. ಎಂದು ಜನರು ಕರೆಯುವ ಕಾರ್ಮಿಕರ ರಾಜ್ಯ ವಿಮೆಯ ಸಂಖ್ಯೆಯು ಆಕೆಗೆ ಮೊದಲೇ ಇತ್ತು. 2023ರ ಫೆಬ್ರುವರಿಯಲ್ಲಿ ಹೆರಿಗೆಯಾಯಿತು. ಕಾರ್ಖಾನೆಯವರು ಬರೆದುಕೊಟ್ಟ ಪತ್ರದ ಆಧಾರದಿಂದ ವಿಮೆಯ ಶಾಖೆಯು 26 ವಾರಗಳ ಹೆರಿಗೆಯ ಭತ್ತೆಯನ್ನು ಕೊಟ್ಟಿತು. ಒಟ್ಟು 67,000 ರೂಪಾಯಿಗಳಿಗೆ ತುಸು ಹೆಚ್ಚು. ಅದರಲ್ಲಿ ಬಾಣಂತನವಾಯಿತು, ಮನೆಯ ಸೋರುವ ಮಾಡಿಗೆ ತಗಡು ಬಂದಿತು. ಒಂದು ವರ್ಷದ ಮೇಲೆ ಲೆಕ್ಕದ ತಪಾಸಣೆಯಾದಾಗ, ಕಾರ್ಖಾನೆಯ ಮಾಲಕನು ಆಕೆಯ ಹೆಸರನ್ನು ದಾಖಲೆ ಮಾಡಿದ್ದು ಆಗಸ್ಟಿನ ನಡುವೆ ಎಂದೂ, ಸಪ್ಟೆಂಬರದ ಕೊನೆಯ ವರೆಗೆ ಆಕೆಯ ಹೆಸರಿನಲ್ಲಿ ವಂತಿಗೆ ಬಂದದ್ದು 39 ದಿನಗಳದು ಮಾತ್ರವೆಂದೂ ಕಂಡುಬಂದಿತು. ಹೆರಿಗೆಯ ಭತ್ತೆಗೆ 70 ದಿನಗಳು ಬೇಕು. ಆದ ಕಾರಣ ಹಣವನ್ನೆಲ್ಲ ಮರಳಿ ಕಟ್ಟತಕ್ಕದ್ದೆಂದು ಪತ್ರ.

ಈ ವಿಮೆಯ ಸ್ವರೂಪವನ್ನು ಎರಡು ಮಾತಿನಲ್ಲಿ ಹೇಳುವದು ಅವಶ್ಯವು. ಪ್ರೊಫೆಸರ್ ಬಿ. ಪಿ. ಅದರಕರರು 1944ರಲ್ಲಿ ಒಪ್ಪಿಸಿದ ವರದಿಯಿಂದ ಇದರ ಮೂಲವು ಹುಟ್ಟಿತು, 1948ರಲ್ಲಿ ಕಾಯಿದೆಯಾಯಿತು, 1952ರ ಫೆಬ್ರುವರಿ 24ರಂದು ಕಾನಪುರದಲ್ಲಿ ಯೋಜನೆಯು ಆರಂಭವಾಯಿತು. 2019ರ ಜುಲೈಯಿಂದ ಪಗಾರದ ನೂರಕ್ಕೆ 3.25ರಷ್ಟನ್ನು ಮಾಲಕನೂ 0.75ರಷ್ಟನ್ನು ಕೆಲಸಗಾರನೂ ಕೊಡುವ ನಿಯಮವಾಯಿತು. ಆದರೆ ಎರಡು ಪಾಲುಗಳನ್ನೂ ಒಯ್ದು ಕಟ್ಟುವ ಭಾರವು ಮಾಲಕನದೇ. ಕೆಲಸಗಾರನು ತಾನಾಗಿ ಹೋಗಿ ಕಟ್ಟಬೇಕೆಂದರೂ ಅದಕ್ಕೆ ಆಸ್ಪದವಿಲ್ಲ.

ಇನ್ನು ನಮ್ಮ ತಪ್ಪನ್ನೂ ಹೇಳಬೇಕು. ಪತ್ರವನ್ನು ಓದಿ ನಾವು ಆಕೆಗೆ ಮೊದಲು ಕೊಟ್ಟ ಸಲಹೆಯು ಕೆಟ್ಟ ಸಲಹೆಯಾಗಿತ್ತು. ಋಣವು ಋಣವೇ, ಕಂತುಗಳಲ್ಲಿ ತೀರಿಸುವದಕ್ಕೆ ಅಪ್ಪಣೆ ಬೇಡಿಕೋ, ಎಂದೆವು. ಸಾಲವನ್ನು ಉಳಿಸಿಕೊಳ್ಳಬಾರದೆಂಬ ಸಂಸ್ಕಾರದಲ್ಲಿ ಬೆಳೆದ ನಮಗೆ ಬೇರೆ ಮಾತು ತೋಚಲಿಲ್ಲ. ಆಕೆ ತಲೆ ಬಾಗಿಸಿ ‘ಹೂಂ’ ಎಂದಳು. ಒಳಗಿನಿಂದ ಮಜ್ಜಿಗೆಯನ್ನು ತಂದ ನಮ್ಮ ಗೃಹಿಣಿಯು ಮಾತ್ರ ನಿಂತು ಕೇಳಿದಳು: “ಜೂನಿನಿಂದ ಆಗಸ್ಟಿನ ವರೆಗೆ ಈಕೆ ದುಡಿದದ್ದು ಸುಳ್ಳೇನು? ದುಡಿದದ್ದು ನಿಜವಾದರೆ ಈ ಸಾಲ ಯಾರದು?” ಉತ್ತರ ಕೊಡಲಾರದೆ ನಾವು ಆಕೆಗೆ ಮರುದಿನ ಬರಹೇಳಿದೆವು.

ಆ ರಾತ್ರಿ ಕಾಯಿದೆಯನ್ನೂ 1950ರ ಕೇಂದ್ರ ನಿಯಮಗಳನ್ನೂ ತರಿಸಿಕೊಂಡು ಓದಿದೆವು. ಹೆರಿಗೆಯ ಭತ್ತೆಯನ್ನು ಹೇಳುವ 56ನೆಯ ನಿಯಮದ ಒಂದು ಶಬ್ದದ ಮೇಲೆ ನಮ್ಮ ಕಣ್ಣು ನಿಂತಿತು. ಹೆರಿಗೆಗೆ ಹಿಂದಿನ ಎರಡು ವಂತಿಗೆಯ ಅವಧಿಗಳಲ್ಲಿ 70 ದಿನಗಳಿಗಾಗಿ ವಂತಿಗೆಯು ‘ಪೇಯಬಲ್’ ಆಗಿರಬೇಕು ಎಂದು ಅಲ್ಲಿದೆ. ‘ಪೇಡ್’ ಆಗಿರಬೇಕು ಎಂದಿಲ್ಲ. ಮಕ್ಕಳಿಗೆ ವ್ಯಾಕರಣವನ್ನು ಕಲಿಸುವಾಗ ನಾವು ಎಷ್ಟು ಸಲ ಹೇಳಿಲ್ಲ! ‘ದಾ’ ಧಾತುವಿಗೆ ಕ್ತ ಪ್ರತ್ಯಯವು ಸೇರಿದರೆ ‘ದತ್ತ’, ಅಂದರೆ ಕೊಟ್ಟದ್ದು. ಯತ್ ಪ್ರತ್ಯಯವು ಸೇರಿದರೆ ‘ದೇಯ’, ಅಂದರೆ ಕೊಡತಕ್ಕದ್ದು. ಮಾಲಕನು ಕಟ್ಟಿದ್ದು ದತ್ತ, ಕಟ್ಟಬೇಕಾಗಿದ್ದದ್ದು ದೇಯ. ಆಕೆ ದುಡಿದು ಪಗಾರ ಪಡೆದ ದಿನವೆಲ್ಲ ವಂತಿಗೆಯು ದೇಯವಾಯಿತು. ಅವನು ಕಟ್ಟಲಿಲ್ಲವೆಂಬದರಿಂದ ಅದು ದತ್ತವಾಗದೆ ಉಳಿಯಿತೇ ಹೊರತು ದೇಯವಲ್ಲದೆ ಹೋಗಲಿಲ್ಲ. ನಿಯಮವು ಕೇಳಿದ್ದು ದೇಯವಾದ ದಿನಗಳನ್ನು. ಪತ್ರದಲ್ಲಿ ಎಣಿಸಿದ್ದು ದತ್ತವಾದ ದಿನಗಳನ್ನು.

ಕಾಯಿದೆಯ 40ನೆಯ ಕಲಮಿನಲ್ಲಿ ಇನ್ನೊಂದು ಮಾತು ದೊರೆಯಿತು. ಪಗಾರದಿಂದ ಮುರಿದುಕೊಂಡ ವಂತಿಗೆಯ ಹಣವು ಕೆಲಸಗಾರನು ಮಾಲಕನ ಕೈಯಲ್ಲಿ ನಂಬಿ ಇಟ್ಟ ಹಣವೆಂದು ತಿಳಿಯತಕ್ಕದ್ದೆಂದು ಅಲ್ಲಿತ್ತು. ನಮ್ಮ ಧರ್ಮಶಾಸ್ತ್ರಕಾರರು ಇದನ್ನೇ ನಿಕ್ಷೇಪವೆಂದು ಕರೆದು, ಅದನ್ನು ಮರಳಿಸದವನನ್ನು ದಂಡನೆಗೆ ಪಾತ್ರನೆಂದಿರುವರು. ಮಾಲಕನ ಅಲಕ್ಷ್ಯದಿಂದ ಕೆಲಸಗಾರನಿಗೆ ಸವಲತ್ತು ತಪ್ಪುವಂತಾದರೆ, ನಿಗಮವು ಅದನ್ನು ಕೊಟ್ಟು ಮಾಲಕನಿಂದ ವಸೂಲು ಮಾಡಿಕೊಳ್ಳಬಹುದೆಂದು 68ನೆಯ ಕಲಮು ಹೇಳುತ್ತಿತ್ತು. ಇದು ಹೊಸ ನ್ಯಾಯವೇನೂ ಅಲ್ಲ. ಕೂಲಿಯನ್ನು ನಿಶ್ಚಯಿಸದೆ ಆಳಿನಿಂದ ಕೆಲಸ ಮಾಡಿಸಿಕೊಂಡವನಿಂದ, ವ್ಯಾಪಾರ, ಪಶು, ಬೆಳೆ ಇವುಗಳ ಹುಟ್ಟುವಳಿಯ ಹತ್ತನೆಯ ಪಾಲನ್ನು ರಾಜನು ಆಳಿಗೆ ಕೊಡಿಸಬೇಕೆಂದು ಯಾಜ್ಞವಲ್ಕ್ಯ ಸ್ಮೃತಿಯು ವಿಧಿಸುವದು. ಆ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದವನೇ. ಕರಾರನ್ನು ಮಾಡದೆ ಬಿಟ್ಟ ದೋಷವು ಯಜಮಾನನದು. ಅದರ ನಷ್ಟವು ಆಳಿನ ತಲೆಗೆ ಬರಬಾರದು.

ನ್ಯಾಯವಿದ್ದರೆ ಸಾಲದು, ಪ್ರಮಾಣವೂ ಬೇಕು. ಅದೇ ಸ್ಮೃತಿಯು ವ್ಯವಹಾರದಲ್ಲಿ ಮೂರು ಪ್ರಮಾಣಗಳನ್ನು ಹೇಳುವದು: ಲಿಖಿತ, ಭುಕ್ತಿ, ಸಾಕ್ಷಿ. ನದಿಯಾಚೆ ಖಿದ್ರಾಪುರದ ಕೋಪೇಶ್ವರ ದೇವಾಲಯದಲ್ಲಿ ಯಾದವ ರಾಜ ಸಿಂಘಣನ ದಾನವನ್ನು ಹೇಳುವ ಹದಿಮೂರನೆಯ ಶತಮಾನದ ಸಂಸ್ಕೃತ ಶಾಸನವು ಇಂದಿಗೂ ನಿಂತಿದೆ. ರಾಜನ ದಾನಕ್ಕೆ ಕಲ್ಲು ಸಾಕ್ಷಿ. ಕೂಲಿಯ ಹೆಣ್ಣುಮಗಳ ದುಡಿಮೆಗೆ ಯಾವದು ಸಾಕ್ಷಿ? ಹುಡುಕಲು ಹೇಳಿ ಕಳಿಸಿದೆವು. ಮರುದಿನ ಆಕೆ ತಂದದ್ದು: ಜೂನ್, ಜುಲೈ ತಿಂಗಳುಗಳ ಪಗಾರ ಜಮೆಯಾದ ಬ್ಯಾಂಕಿನ ಪುಸ್ತಕ, ಮಸಾಲೆಯ ಡಬ್ಬಿಯ ಕೆಳಗೆ ಮಡಚಿಟ್ಟಿದ್ದ ಜುಲೈಯ ಪಗಾರದ ಚೀಟಿ, ಪಾಳಿಯನ್ನು ತಿಳಿಸಲು ಮೇಸ್ತ್ರಿಯು ಮೊಬೈಲಿಗೆ ಕಳಿಸಿದ ಸಂದೇಶಗಳು. ಆ ಚೀಟಿಯಲ್ಲಿ ಇ.ಎಸ್.ಐ. ಎಂಬ ಹೆಸರಿನ ಮುಂದೆ 72 ರೂಪಾಯಿಗಳನ್ನು ಮುರಿದುಕೊಂಡದ್ದು ಸ್ಪಷ್ಟವಾಗಿತ್ತು. ಆಕೆಯ ಹೆಸರೇ ದಾಖಲೆಯಲ್ಲಿಲ್ಲದ ತಿಂಗಳಿನಲ್ಲಿ ಆಕೆಯ ವಂತಿಗೆಯನ್ನು ಹಿಡಿದಿದ್ದರು!

ಸಾಕ್ಷಿಗಳ ಮಾತು ಕಠಿಣವಾಯಿತು. ಜೊತೆಯಲ್ಲಿ ದುಡಿದ ಇಬ್ಬರು ಹೆಂಗಸರಲ್ಲಿ ಒಬ್ಬಳು ಕೆಲಸ ಹೋದೀತೆಂಬ ಭಯದಿಂದ ಕೈ ಮುಗಿದಳು. ಆಕೆಯನ್ನು ನಾವು ದೂಷಿಸಲಾರೆವು. ಮತ್ತೊಬ್ಬಳು, ವಯಸ್ಸಾದವಳು, ನಡುಗುವ ಕೈಯಿಂದ ಸಹಿ ಮಾಡಿದಳು.

ಶಾಖೆಯು ಮಹಾರಾಷ್ಟ್ರದ ಕಡೆಯದಾದ್ದರಿಂದ ಉತ್ತರವನ್ನು ಮರಾಠಿಯಲ್ಲಿ ಬರೆದೆವು. ಅದರಲ್ಲಿ ನಾಲ್ಕೇ ಮಾತುಗಳಿದ್ದವು. ಹಣವನ್ನು ಪಡೆಯುವಾಗ ತಾನು ಯಾವ ಸುಳ್ಳನ್ನೂ ಹೇಳಿಲ್ಲ. ಇಂಥ ದಿನದಿಂದ ಇಂಥ ದಿನದ ವರೆಗೆ ದುಡಿದಿರುವೆನು, ಪ್ರಮಾಣಗಳ ನಕಲುಗಳು ಜೊತೆಗಿವೆ. ನಿಯಮವು ಕೇಳುವದು ದೇಯವಾದ ವಂತಿಗೆಯನ್ನು. ಆದ ಕಾರಣ ಕಾರ್ಖಾನೆಯ ವಹಿಗಳನ್ನು ತರಿಸಿ ವಿಚಾರಿಸಬೇಕು, ಅಲ್ಲಿಯ ವರೆಗೆ ವಸೂಲಿಯನ್ನು ನಿಲ್ಲಿಸಬೇಕು. ಪತ್ರದಲ್ಲಿ ಹೇಳಿದ್ದ ಗಡುವಿನ ಒಳಗೆ ನೋಂದಣಿ ಅಂಚೆಯಿಂದ ಕಳಿಸಿ ರಸೀದಿಯನ್ನು ಇಟ್ಟುಕೊಂಡೆವು. ಮೂಲ ಕಾಗದಗಳನ್ನು ಕೊಡಲಿಲ್ಲ. ಶಾಖೆಯು ಒಪ್ಪದಿದ್ದರೆ 75ನೆಯ ಕಲಮಿನ ಪ್ರಕಾರ ಕಾರ್ಮಿಕರ ವಿಮಾ ನ್ಯಾಯಾಲಯಕ್ಕೆ ಮೂರು ವರ್ಷಗಳ ಒಳಗೆ ಹೋಗುವ ದಾರಿಯೂ ಇತ್ತು. ಅಷ್ಟು ದೂರ ಹೋಗುವ ಪ್ರಸಂಗ ಬರಲಿಲ್ಲ. ಏಳು ತಿಂಗಳ ಮೇಲೆ ವಿಚಾರಣೆಯಾಗಿ ಬೇಡಿಕೆಯನ್ನು ಹಿಂದಕ್ಕೆ ತೆಗೆದುಕೊಂಡರು. ಬಾಕಿಯ ವಂತಿಗೆಯನ್ನು ಬಡ್ಡಿಯೊಡನೆ ಕಟ್ಟಲು ಮಾಲಕನಿಗೆ ತಿಳಿಸಿದರು. ಆದರೆ ಆ ಕಾರ್ಖಾನೆಯ ಬಾಗಿಲು ನಮ್ಮ ವಿದ್ಯಾರ್ಥಿನಿಗೆ ಮತ್ತೆ ತೆರೆಯಲಿಲ್ಲ. ಸಹಿ ಮಾಡಿದ ಆ ಹಿರಿಯಳಿಗೂ ಆ ವರ್ಷದ ಕೊನೆಯಲ್ಲಿ ಕೆಲಸ ತಪ್ಪಿತು. ಗೆದ್ದೆವೆಂದು ಹೇಳುವಾಗ ಇದನ್ನು ಮರೆಮಾಡುವದು ಸತ್ಯವಾಗಲಾರದು.

ದುಡಿದವರ ಹೆಸರು ವಹಿಯಲ್ಲಿಲ್ಲವೆಂಬ ಈ ವ್ಯಥೆಯು ನಮ್ಮ ಸೀಮೆಗೆ ಹಳೆಯದು. ನಿಪ್ಪಾಣಿಯ ತಂಬಾಕಿನ ಕಾರ್ಖಾನೆಗಳ ಹೆಂಗಸರು ಸಂಘ ಕಟ್ಟಿಕೊಂಡ ವೃತ್ತಾಂತವನ್ನು ಯುಗಾಂತರವೆಂಬ ಮಹಿಳಾ ಚಿತ್ರಸಂಘವು 1982ರಲ್ಲಿಯೇ ಚಿತ್ರವಾಗಿ ತೆಗೆದಿತ್ತು. ಬೀಡಿಯ ಕೆಲಸಗಾರರಿಗಾಗಿ 1966ರಲ್ಲಿ ಕಾಯಿದೆಯಾಯಿತು. 1977ರಲ್ಲಿ ಭವಿಷ್ಯನಿಧಿಯೂ ಆ ಉದ್ಯೋಗಕ್ಕೆ ಅನ್ವಯಿಸಿತು. ಆದರೆ ಮನೆಯಲ್ಲಿ ಕುಳಿತು ಬೀಡಿ ಕಟ್ಟುವವಳು ತಮ್ಮ ನೌಕರಳೇ ಅಲ್ಲವೆಂದು ಮಾಲಕರು ವಾದಿಸಿದರು. ಪಿ. ಎಂ. ಪಟೇಲ್ ಕಂಪನಿಯ ಮೊಕದ್ದಮೆಯಲ್ಲಿ 1985ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ವಾದವನ್ನು ಒಪ್ಪದೆ, ಮನೆಯಲ್ಲಿ ಕಟ್ಟುವವರಿಗೂ ಭವಿಷ್ಯನಿಧಿಯ ಹಕ್ಕುಂಟೆಂದು ತೀರ್ಪು ಕೊಟ್ಟಿತು. ವಹಿಯಲ್ಲಿ ಹೆಸರಿಲ್ಲದಿರುವದು ದುಡಿಮೆ ಇಲ್ಲವೆಂಬದಕ್ಕೆ ಪ್ರಮಾಣವಲ್ಲ.

ಹೆಚ್ಚಾಗಿ ಸಂದ ಹಣವನ್ನು ಮರಳಿ ಕೇಳುವ ವಿಷಯದಲ್ಲಿಯೂ ಅದೇ ನ್ಯಾಯಾಲಯವು ದಯೆಯ ಮಾತನ್ನು ಹೇಳಿದೆ. 2014ರ ರಫೀಕ್ ಮಸೀಹ ಅವರ ಮೊಕದ್ದಮೆಯಲ್ಲಿ ಕೆಳದರ್ಜೆಯ ನೌಕರರಿಂದಲೂ ನಿವೃತ್ತರಿಂದಲೂ ಅಂಥ ವಸೂಲಿ ಸಲ್ಲದೆಂದಿತು. 2022ರಲ್ಲಿ ಕೇರಳದ ನಿವೃತ್ತ ಶಿಕ್ಷಕರಾದ ಥಾಮಸ್ ಡೇನಿಯಲ್ ಅವರ ವಿಷಯದಲ್ಲಿ, ಪಡೆದವನ ಮೋಸವಿಲ್ಲದೆ ಸಂದ ಹಣವನ್ನು ಮರಳಿ ಕೇಳಲಾಗದೆಂದಿತು. ಇವು ಸರಕಾರದ ಸಂಬಳದ ಮೊಕದ್ದಮೆಗಳು. ವಿಮೆಯ ಹಣಕ್ಕೆ ನೇರವಾಗಿ ಹಚ್ಚಲಾಗುವದಿಲ್ಲ. ಆದರೂ ಪಡೆದವನು ಮೋಸ ಮಾಡಿದನೋ ಇಲ್ಲವೋ ಎಂಬದನ್ನು ಮೊದಲು ನೋಡಬೇಕೆಂಬ ವಿವೇಕವು ಎಲ್ಲ ಕಡೆಗೂ ಸಲ್ಲುವದು.

ಒಂದು ಎಚ್ಚರಿಕೆ. ಮೇಲೆ ಹೇಳಿದ ಕಲಮುಗಳು 1948ರ ಕಾಯಿದೆಯವು. 2025ರ ನವೆಂಬರ್ 21ರಿಂದ ಅದರ ಸ್ಥಾನಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆಯು ಬಂದಿದೆ. ಇನ್ನು ಮುಂದೆ ಉತ್ತರ ಬರೆಯುವವರು ಹೊಸ ಸಂಹಿತೆಯನ್ನೂ ಅದರ ನಿಯಮಗಳನ್ನೂ ತೆಗೆದು, ‘ಕೊಟ್ಟದ್ದು’ ಎಂದಿದೆಯೋ ‘ಕೊಡತಕ್ಕದ್ದು’ ಎಂದಿದೆಯೋ ಎಂಬದನ್ನು ಕಣ್ಣಾರೆ ನೋಡಿಕೊಳ್ಳಬೇಕು.

ವಾಚಕರಲ್ಲಿ ನಮ್ಮ ಅರಿಕೆ ಇಷ್ಟೇ. ಮನೆಯಿಂದ ದುಡಿಯಲು ಹೋಗುವವರು ಮೊದಲ ದಿನದ ತಾರೀಖನ್ನು ಬರೆದಿಡಲಿ; ಪಗಾರದ ಚೀಟಿಯನ್ನು ಒಲೆಗೆ ಹಾಕದಿರಲಿ; ತಮ್ಮ ಹೆಸರಿನಲ್ಲಿ ವಂತಿಗೆಯು ಬೀಳುತ್ತಿದೆಯೇ ಎಂದು ಆರು ತಿಂಗಳಿಗೊಮ್ಮೆಯಾದರೂ ವಿಚಾರಿಸಲಿ. ಮರಳಿ ಕಟ್ಟೆಂಬ ಪತ್ರ ಬಂದರೆ ಅಂಜಿ ಕಟ್ಟಲೂ ಬಾರದು, ಅಂಜಿ ಬಚ್ಚಿಡಲೂ ಬಾರದು. ಗಡುವಿನೊಳಗೆ ಲಿಖಿತವಾಗಿ ಉತ್ತರ ಕೊಡಬೇಕು. ಓದು ಬಲ್ಲವರು ನೆರೆಯವರ ಪತ್ರವನ್ನು ಓದುವಾಗ, ನಾವು ಮಾಡಿದಂತೆ ಅವಸರದ ಉಪದೇಶವನ್ನು ಕೊಡದೆ, ಮೊದಲು ಕೇಳಬೇಕಾದ ಪ್ರಶ್ನೆಯನ್ನು ನಮ್ಮ ಗೃಹಿಣಿಯಿಂದ ಕಲಿಯಬಹುದಾಗಿದೆ.

ನಮ್ಮ ವಿದ್ಯಾರ್ಥಿನಿಯು ಈಗ ಬೇರೆ ಕಡೆ ಕೆಲಸಕ್ಕೆ ಹೋಗುತ್ತಿರುವಳು. ಕೂಸಿಗೆಂದು ನಾವು ಕೊಟ್ಟ ಚಿಕ್ಕ ವಹಿಯನ್ನು ತಾನೇ ಇಟ್ಟುಕೊಂಡು, ದಿನಾಲು ಸಂಜೆ ಅದರಲ್ಲಿ ತಾರೀಖು ಬರೆದು, ಮುಂದೆ ಒಂದು ಗೀಟು ಎಳೆಯುವಳು.