ಟ್ರಂಕನ್ನು ರದ್ದಿಗೆ ಹಾಕುವ ಮುನ್ನ

‘ಎಲ್ಲಾ ಸ್ಕ್ಯಾನ್ ಮಾಡಿಟ್ಟಿದ್ದೀವಲ್ಲ, ಇನ್ನು ಈ ಕಾಗದ ಯಾಕೆ?’ ಎನ್ನುತ್ತಾ ಅಜ್ಜನ ಟ್ರಂಕನ್ನು ರದ್ದಿಯವನ ತಕ್ಕಡಿಗೆ ಸುರಿಯುವವರೇ, ಸ್ವಲ್ಪ ತಡೆಯಿರಿ. ಆ ಸ್ಕ್ಯಾನ್ ಯಾರ ಫೋನಿನಲ್ಲಿದೆ? ಅದರ ಪಾಸ್‌ವರ್ಡ್ ಬಲ್ಲವರು ನಾಳೆ ಇಲ್ಲವಾದರೆ?

2014ರ ಸೆಪ್ಟೆಂಬರ್ 30ರಂದು ಆರ್ಕುಟ್ ಎಂಬ ಸಾಮಾಜಿಕ ಜಾಲತಾಣ ಬಾಗಿಲು ಮುಚ್ಚಿತು. ಎರಡು ವರ್ಷ ಮುಟ್ಟದ ವೈಯಕ್ತಿಕ ಖಾತೆಯನ್ನು ಮೇಲ್, ಫೋಟೋಗಳ ಸಮೇತ ಅಳಿಸಿಹಾಕಬಹುದೆಂದು ಗೂಗಲ್ 2023ರಲ್ಲೇ ಹೇಳಿಬಿಟ್ಟಿದೆ. ಸತ್ತವರು ಲಾಗಿನ್ ಆಗುವುದಿಲ್ಲ, ಸ್ವಾಮಿ.

ಕನ್ನಡಿಗರಿಗಂತೂ ಈ ಪಾಠ ಆಗಲೇ ಆಗಿದೆ. ಯುನಿಕೋಡ್ ಬಳಕೆಗೆ ಬರುವ ಮೊದಲು ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ನಾವು ಏನೆಲ್ಲ ಟೈಪ್ ಮಾಡಿದೆವು! ಅಪ್ಪನ ನೆನಪುಗಳು, ವಂಶವೃಕ್ಷ, ಜಮೀನು ಪಾಲಾದ ಕಥೆ. ಇಂದು ಆ ಫೈಲ್ ತೆರೆದು ನೋಡಿ. ‘ಕನ್ನಡ’ ಎಂದು ಬರೆದ ಕಡೆ ಇಂಗ್ಲಿಷಿನ ಪಿ, ನೆತ್ತಿಯ ಮೇಲೆ ಗೀರೆಳೆದ ಎ, ಪಕ್ಕದಲ್ಲೊಂದು ಪೌಂಡಿನ ಗುರುತು. ಪರಿವರ್ತಕಕ್ಕೆ ಕೊಟ್ಟರೆ ಅಕ್ಷರಗಳು ಮರಳುತ್ತವೆ, ನಿಜ. ಆದರೆ ಅದು ಕನ್ನಡವೆಂದೇ ಗೊತ್ತಾಗದ ಮೊಮ್ಮಗಳು ಕಸವೆಂದು ಡಿಲೀಟ್ ಒತ್ತುತ್ತಾಳೆ. ತಪ್ಪು ಅವಳದ್ದೇ?

ಕಾಗದವೇನೂ ಚಿರಂಜೀವಿಯಲ್ಲ. ಗೆದ್ದಲಿದೆ, ಮಲೆನಾಡಿನ ಮಳೆಗಾಲದ ಬೂಷ್ಟಿದೆ. ಥರ್ಮಲ್ ಕಾಗದದ ಬಿಲ್ಲು, ಇಸಿಜಿಗಳು ಕೆಲವೇ ವರ್ಷಗಳಲ್ಲಿ ಮಾಸಿಹೋಗುತ್ತವೆ. ಮೂಲಪತ್ರಕ್ಕೆ ಲ್ಯಾಮಿನೇಷನ್ ಮಾಡಿಸುವ ಹುಚ್ಚು ಬೇರೆ. ಬಿಸಿಗೆ ಅಂಟಿದ ಪ್ಲಾಸ್ಟಿಕ್ಕನ್ನು ಪತ್ರ ಹಾಳಾಗದಂತೆ ಬಿಡಿಸುವುದು ಆಗದ ಮಾತು. 2018ರಲ್ಲಿ ಕೊಡಗಿನ ಗುಡ್ಡ ಕುಸಿದಾಗ, 2019ರ ನೆರೆ ಉತ್ತರ ಕರ್ನಾಟಕದ ಊರುಗಳಿಗೆ ನುಗ್ಗಿದಾಗ ಮನೆಯ ಜೊತೆಗೆ ದಾಖಲೆಗಳೂ ಹೋದವು. ಅಂಥ ಹೊತ್ತಿಗೆ ಆಸರೆಯಾಗುವುದು ದೂರದ ಸರ್ವರಿನಲ್ಲಿರುವ ಪ್ರತಿಯೇ. ಹಾಗಾಗಿ ಸ್ಕ್ಯಾನ್ ಬೇಡವೆಂದು ನಾನು ಹೇಳಲಾರೆ.

ಆದರೂ ನನ್ನ ಓಟು ಕಾಗದಕ್ಕೆ. ಅದು ಹೋಗುವ ಮುನ್ನ ಹೇಳಿ ಹೋಗುತ್ತದೆ: ಅಂಚು ಹಳದಿಯಾಗುತ್ತದೆ, ಮಡಿಕೆಯಲ್ಲಿ ಬಿರುಕು ಬಿಡುತ್ತದೆ. ಅರ್ಧ ಹರಿದ ಪತ್ರವನ್ನು ಅರ್ಧವಾದರೂ ಓದಬಹುದು. ನಿನ್ನೆವರೆಗೆ ನಡೆಯುತ್ತಿದ್ದ ಹಾರ್ಡ್‌ಡಿಸ್ಕ್ ಇವತ್ತು ಕಟಕಟ ಎಂದು ಸುಮ್ಮನಾದರೆ ಮದುವೆಯೂ ಹೋಯಿತು, ನಾಮಕರಣವೂ ಹೋಯಿತು.

ಆದ್ದರಿಂದ ಕೈಮುಗಿದು ಕೇಳುತ್ತೇನೆ. ಫೋನಿನಲ್ಲಿ ತುಂಬಿರುವ ಸಾವಿರಾರು ಚಿತ್ರಗಳಲ್ಲಿ ಇಪ್ಪತ್ತನ್ನಾದರೂ ಆರಿಸಿ ಪ್ರಿಂಟ್ ಹಾಕಿಸಿ. ಹಳೆಯ ಫೈಲುಗಳನ್ನು ಯುನಿಕೋಡಿಗೆ ತಿರುಗಿಸಿ, ಬೇರೆ ಊರಿನಲ್ಲಿರುವ ತಂಗಿಗೋ ತಮ್ಮನಿಗೋ ಒಂದು ಪ್ರತಿ ಕೊಡಿ. ಪತ್ರಗಳಿಗೆ ಚುಚ್ಚಿದ ಗುಂಡುಪಿನ್ನು ತೆಗೆಯಿರಿ, ತುಕ್ಕು ಅಕ್ಷರ ತಿನ್ನುತ್ತದೆ. ಮದುವೆಯ ಗ್ರೂಪ್ ಫೋಟೋದಲ್ಲಿ ಎರಡನೆಯ ಸಾಲಿನಲ್ಲಿ ಕೂತವರು ಯಾರೆಂದು ಹೇಳಬಲ್ಲ ದೊಡ್ಡಮ್ಮ ಇನ್ನೂ ಇದ್ದಾರಲ್ಲವೇ? ಈ ಭಾನುವಾರವೇ ಹೋಗಿ. ಹೆಸರು, ಊರು, ವರ್ಷ ಕೇಳಿ ಫೋಟೋದ ಹಿಂಬದಿಗೆ ಪೆನ್ಸಿಲಿನಲ್ಲಿ ಮೆಲ್ಲಗೆ ಬರೆಯಿರಿ. ಬಾಲ್‌ಪೆನ್ ಒತ್ತಿದರೆ ಮುಖದ ಮೇಲೆ ಗೀರು ಮೂಡುತ್ತದೆ. ಹೊಸ ಪ್ರಿಂಟಿನ ನುಣುಪಿಗೆ ಪೆನ್ಸಿಲ್ ಹತ್ತದಿದ್ದರೆ ಲಕೋಟೆಯ ಮೇಲೆ ಬರೆದು, ಆಮೇಲೆ ಚಿತ್ರವನ್ನು ಒಳಗಿಡಿ.